ರಸಮಟ್ಟ ಕಟ್ಟಿದ ಸೊಟ್ಟ ಮನೆ

ಬೀದಿಯವರೆಲ್ಲ ಆ ಬಡಗಿಯನ್ನು ರಸಮಟ್ಟ ಅಂತಲೇ ಕರೆಯೋದು. ಯಾರ ಮನೆಗೆ ಹೋದರೂ ಕೂರುವ ಮೊದಲು ಜೇಬಿನಿಂದ ರಸಮಟ್ಟ ತೆಗೆದು ಮೇಜಿನ ಮೇಲಿಟ್ಟು, ಮಟ್ಟ ಸರಿಯಿದೆಯಾ ಅಂತ ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುತ್ತೋ ಇಲ್ಲವೋ ನೋಡೋನು. ನಿಲ್ಲದಿದ್ದರೆ ಕೊಟ್ಟ ನೀರೂ ಗಂಟಲಲ್ಲಿ ಇಳಿಯದು. ನಲವತ್ತು ವರ್ಷ ಬಾಗಿಲು, ಕಿಟಕಿ ಮಾಡಿದ. ಒಬ್ಬರಾದರೂ ನಿಂತು ನೋಡಿದರೇ? ಊಹೂಂ. ಸರಿಯಾಗಿ ಕೂತ ಬಾಗಿಲನ್ನು ಯಾರು ನೋಡ್ತಾರೆ ಸ್ವಾಮಿ! ಕಿರ್ರೆಂದರೆ ಮಾತ್ರ ಬಡಗಿಯ ನೆನಪು. ಆ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಂಥವನನ್ನು ಹುಡುಕಿಕೊಂಡು ಸಿನಿಮಾದವರು ಬಂದರು. ದೆವ್ವದ ಮನೆಯ ಕಥೆಯಂತೆ, ಆದರೆ ಅದರಲ್ಲಿ ದೆವ್ವವೇ ಇಲ್ಲವಂತೆ. ಒಂಟಿ ಹೆಂಗಸೊಬ್ಬಳಿಗೆ ಮನೆಯೇ ತನ್ನ ಮೇಲೆ ಕಣ್ಣಿಟ್ಟಿದೆ ಅನ್ನಿಸುತ್ತಾ ಹೋಗುತ್ತದೆ, ಅಷ್ಟೆ.

"ನನಗೆ ಸೊಟ್ಟ ಮನೆ ಬೇಕು ಮೇಸ್ತ್ರಿ," ಅಂದಳು ನಿರ್ದೇಶಕಿ. "ಕಣ್ಣಿಗೆ ಗೊತ್ತಾಗಬಾರದು, ಮನಸ್ಸಿಗೆ ಗೊತ್ತಾಗಬೇಕು. ಬಾಗಿಲು ತೆರೆದು ಬಿಟ್ಟರೆ ತಾನಾಗೇ ಮುಚ್ಕೋಬೇಕು. ಜನ ಉಸಿರು ಬಿಗಿಹಿಡಿದು ಆ ಬಾಗಿಲನ್ನೇ ನೋಡ್ತಾರೆ!"

ಜನ ನೋಡ್ತಾರೆ! ರಸಮಟ್ಟನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಗೆ ಓಡಿಬಂದು ಹೇಳಿದರೆ ಹೆಂಡತಿ ಬಿದ್ದು ಬಿದ್ದು ನಕ್ಕಳು. "ಸರಿಹೋಯ್ತು! ಸೊಟ್ಟ ಮಾಡೋಕೂ ನಿಮ್ಮನ್ನೇ ಕರೀಬೇಕಾ?"

ಅಯ್ಯೋ, ಅದೇ ಕಷ್ಟ ಕಣ್ರೀ! ಸೆಟ್ಟಿನಲ್ಲಿ ಬಾಗಿಲ ಚೌಕಟ್ಟಿನ ಬುಡಕ್ಕೆ ಬೆಣೆ ಹೊಡೆದು ಬೆರಳಗಲ ವಾಲಿಸುವಷ್ಟರಲ್ಲಿ ಅವನು ಮೂರು ಸಲ ರಸಮಟ್ಟ ಹೊರತೆಗೆದು ಮತ್ತೆ ಜೇಬಿಗೆ ತುರುಕಿದ. ಆದರೆ ಯಾರೂ ಮುಟ್ಟದೆ ಆ ಬಾಗಿಲು ನಿಧಾನಕ್ಕೆ ಬಂದು ಟಪ್ ಅಂತ ಮುಚ್ಚಿದಾಗ, ಮಾಡಿದವನದೇ ಮೈ ಜುಮ್ಮೆಂದಿತು.

ಹತ್ತು ದಿನ ಚಿತ್ರೀಕರಣ ನಡೆಯಿತು. ನಾಯಕಿ ಒಳಗೆ ಬರೋಳು, ಬೆನ್ನ ಹಿಂದೆ ಟಪ್. ಹನ್ನೊಂದನೇ ದಿನ ಎಲ್ಲಕ್ಕಿಂತ ದೊಡ್ಡ ದೃಶ್ಯ. ರಸಮಟ್ಟ ಬೆಳಿಗ್ಗೆಯೇ ಬಂದು ಮೊಳೆಗಳನ್ನು ಬಿಗಿ ಮಾಡುತ್ತಿದ್ದ. ಖುಷಿಯಲ್ಲಿ ಮನಸ್ಸೆಲ್ಲೋ, ಕೈಯೆಲ್ಲೋ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಆ ಹಾಳು ಕೈ ತಾನಾಗೇ ಬೆಣೆ ಕಿತ್ತು, ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿ ಬಿಗಿದುಬಿಟ್ಟಿತ್ತು! ಕ್ಯಾಮೆರಾ ಓಡತೊಡಗಿದ ಮೇಲೆ ಜೇಬಿಗೆ ಕೈಹಾಕಿದರೆ ಬೆಣೆ ಸಿಕ್ಕಿತು.

ಕೂಗುವಂತಿಲ್ಲ, ಓಡುವಂತಿಲ್ಲ. ಮುಗೀತು, ಕತ್ತು ಹಿಡಿದು ಆಚೆ ಹಾಕ್ತಾರೆ, ಜನ ನೋಡಬೇಕಾಗಿದ್ದ ಒಂದೇ ಒಂದು ಬಾಗಿಲನ್ನೂ ಕೈಯಾರೆ ಕೆಡಿಸಿದೆ ಅಂತ ತುಟಿ ಕಚ್ಚಿಕೊಂಡ.

ನಾಯಕಿ ಒಳಗೆ ಬಂದಳು. ನಾಲ್ಕು ಹೆಜ್ಜೆ ನಡೆದಳು. ಟಪ್ ಅನ್ನಲಿಲ್ಲ. ಹತ್ತು ದಿನ ತಪ್ಪದೆ ಕೇಳಿದ ಸದ್ದು ಇವತ್ತಿಲ್ಲ! ಅವಳು ಮೆಲ್ಲಗೆ ತಿರುಗಿದಳು. ಬಾಗಿಲು ಬಿಟ್ಟಲ್ಲೇ ನಿಂತಿದೆ. ಅವಳ ಮುಖ ಬಿಳಿಚಿಹೋಯಿತು.

"ಯಾರು..." ಅಂದಳು. ಬರೆದುಕೊಟ್ಟ ಮಾತೇ ಅಲ್ಲ ಅದು. "ಯಾರು ಹಿಡ್ಕೊಂಡಿದ್ದೀರಿ ಬಾಗಿಲನ್ನ?"

ನಿರ್ದೇಶಕಿ ಕಟ್ ಹೇಳೋದನ್ನೇ ಮರೆತಳು. ಲೈಟು ಹಿಡಿದವನು ಎರಡು ಹೆಜ್ಜೆ ಹಿಂದೆ ಸರಿದ. ಎಲ್ಲ ಮುಗಿದ ಮೇಲೆ ರಸಮಟ್ಟ ಬೆಣೆ ಚಾಚಿಕೊಂಡು ಬಂದು ನಿಂತ. "ತಪ್ಪಾಯ್ತು ತಾಯಿ. ನಾನೇ ನೆಟ್ಟಗೆ ಮಾಡ್ಬಿಟ್ಟೆ."

ನಿರ್ದೇಶಕಿ ಬೆಣೆಯನ್ನು ಕಿತ್ತುಕೊಂಡಳು. "ಇದನ್ನ ಮತ್ತೆ ಅಲ್ಲಿಟ್ಟರೆ ನಿಮ್ಮನ್ನ ಸುಮ್ನೆ ಬಿಡಲ್ಲ!" ಅಂತ ಕಿರುಚಿ, ಅವನ ಎರಡೂ ಕೈ ಹಿಡಿದು ಕುಣಿದಾಡಿಬಿಟ್ಟಳು.

ಚಿತ್ರ ಬಿಡುಗಡೆಯಾದ ದಿನ ಗಂಡಹೆಂಡತಿ ಇಬ್ಬರೂ ಹೋದರು. ಆ ದೃಶ್ಯ ಬಂತು. ನಾಯಕಿ "ಯಾರು ಹಿಡ್ಕೊಂಡಿದ್ದೀರಿ" ಅಂದದ್ದೇ ತಡ, ಇಡೀ ಚಿತ್ರಮಂದಿರ ಕಿಟಾರನೆ ಕಿರುಚಿತು! ಮುಂದಿನ ಸಾಲಿನ ಅಜ್ಜ ಎದ್ದೇ ನಿಂತ. ಹೆಂಡತಿ ರಸಮಟ್ಟನ ತೋಳಿಗೆ ಉಗುರಿಳಿಸಿದಳು.

ಅವನು ಪರದೆ ನೋಡುತ್ತಲೇ ಇರಲಿಲ್ಲ. ಹಿಂದಕ್ಕೆ ತಿರುಗಿ ಕೂತಿದ್ದ. ನೂರಾರು ಮುಖ, ರೆಪ್ಪೆ ಮಿಟುಕಿಸದ ಕಣ್ಣು.

"ನೋಡೇ," ಅಂದ, "ಎಲ್ರೂ ನನ್ನ ಬಾಗಿಲನ್ನೇ ನೋಡ್ತಿದ್ದಾರೆ ಕಣೇ. ಒಂದು ಕೂದಲೆಳೆಯಷ್ಟೂ ಸೊಟ್ಟ ಇಲ್ಲ!"