ಊಟದ ಸಾಲಿಗೆ ಬಾರದ ಚಂದ್ರಪ್ರಭಾ ಅವರು

ಕಳೆದ ಜೂನ್ ಮೂವತ್ತರಂದು ನಿವೃತ್ತರಾದ ಶ್ರೀಮತಿ ಚಂದ್ರಪ್ರಭಾ ಅವರು ಪಶ್ಚಿಮ ಸಿಡ್ನಿಯ ಒಂದೇ ಮಾನಸಿಕ ಆರೋಗ್ಯ ಚಿಕಿತ್ಸಾಲಯದಲ್ಲಿ ಹದಿನಾರು ವರ್ಷ ನರ್ಸ್ ಪ್ರಾಕ್ಟೀಷನರ್ ಆಗಿದ್ದರು. ಅಂದರೆ ರೋಗ ಗುರುತಿಸಿ ಔಷಧ ಬರೆಯುವ ಅಧಿಕಾರ ಪಡೆದ ದಾದಿಯಾಗಿದ್ದರು. ಆ ಅವಧಿಯಲ್ಲಿ ಹನ್ನೊಂದು ವಿದ್ಯಾರ್ಥಿಗಳಿಗೆ ಪ್ರಿಸೆಪ್ಟರ್ ಕೂಡ ಆದರು. ಈ ಎರಡನೆಯ ಕೆಲಸ ಅವರ ನೇಮಕಾತಿ ಪತ್ರದಲ್ಲಿ ಇರಲಿಲ್ಲ. ಹನ್ನೊಂದು ಜನರಲ್ಲಿ ಕನ್ನಡಿಗರಾದ ಐವರು ಸೇರಿ ಈ ಸಂಪುಟವನ್ನು ಅವರಿಗೆ ಅರ್ಪಿಸುತ್ತಿದ್ದೇವೆ.

ರೋಗಿಯ ಎದುರು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ, ಕಲಿತ ಗಂಟೆಗಳಿಗೆ ಸಹಿ ಹಾಕುವ ಹಿರಿಯರನ್ನು ಪ್ರಿಸೆಪ್ಟರ್ ಎನ್ನುತ್ತಾರೆ. ನಾನು ಓದಿದ ಕಡೆ ಅವರನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಿತ್ತು. ೨೦೧೮ರಲ್ಲಿ ನಾನು ಮೂವತ್ತೊಂದು ಇಮೇಲ್ ಬರೆದೆ. ಹತ್ತೊಂಬತ್ತಕ್ಕೆ ಉತ್ತರ ಬರಲಿಲ್ಲ, ಹನ್ನೊಂದಕ್ಕೆ ಆಗುವುದಿಲ್ಲವೆಂಬ ಉತ್ತರ ಬಂತು. ಉಳಿದ ಒಂದಕ್ಕೆ ಚಂದ್ರಪ್ರಭಾ ಅವರು ಫೋನ್ ಮಾಡಿ, ಬಂದು ಕಾಣಲು ಹೇಳಿದರು. ಮುನ್ನೂರು ಗಂಟೆಗಳಿಗೆ ಮುಂದಿನ ಜೂನ್ ಇಪ್ಪತ್ತೆಂಟರೊಳಗೆ ಸಹಿ ಬೀಳದಿದ್ದರೆ ನನ್ನ ಎರಡು ವರ್ಷದ ಓದು ಅಲ್ಲಿಗೆ ನಿಲ್ಲುತ್ತಿತ್ತು.

ಧಾರವಾಡದಲ್ಲಿ ದಾದಿಯಾಗಿ ತರಬೇತಿ ಪಡೆದು ಬಂದು ಇಪ್ಪತ್ತೈದು ವರ್ಷವಾಗುತ್ತ ಬಂದಿದ್ದರೂ ಅವರ ಮಾತು ಅಲ್ಲಿಯದೇ ಆಗಿತ್ತು. ನಾನು ಮೇಡಂ ಎಂದಾಗ, “ಮೇಡಂ ಗೀಡಂ ಬ್ಯಾಡ. ಹೆಸರು ಹಿಡದು ಕರಿಯೂದು ಆಗಲಿಕ್ಕಂದ್ರ ಅಕ್ಕಾ ಅನ್ನು” ಎಂದರು. ಆಮೇಲೆ ತಮ್ಮ ಷರತ್ತು ಹೇಳಿದರು.

“ಇಲ್ಲಿ ನಮ್ಮ ಕನ್ನಡದವರೂ ಬರ್ತಾರ. ಈ ಖೋಲ್ಯಾಗ ಅತ್ತವರು ಊಟದ ಸಾಲಿನಾಗ ನಮ್ಮ ಜೋಡಿ ನಿಂದ್ರೂದು ಆಗಬಾರದು. ಕನ್ನಡ ಸಂಘದ ಕಾರ್ಯಕ್ರಮಕ್ಕ ಹೋಗೂದು ಬಿಡ್ತೀಯೇನು?”

“ಎಲ್ಲಾದಕ್ಕೂನಾ ಅಕ್ಕ? ಯುಗಾದಿಗೂ?”

“ವರ್ಷಪೂರ್ತಿ ಮನ್ಯಾಗ ಕುಂತವರೂ ಯುಗಾದಿಗೇ ಹೊರಗ ಬೀಳ್ತಾರ, ಅಮೂಲ್ಯಾ.”

ಒಪ್ಪಿದೆ. ೨೦೧೯ರ ಫೆಬ್ರವರಿಯಲ್ಲಿ ಕಲಿಕೆ ಆರಂಭವಾಯಿತು. ರೋಗಿ ಹೇಳಿದ್ದನ್ನು ಒಂದು ಹಾಳೆಯಲ್ಲಿ, ನಾವು ಊಹಿಸಿದ್ದನ್ನು ಇನ್ನೊಂದರಲ್ಲಿ ಬರೆಸುತ್ತಿದ್ದರು. ಮೊದಲ ತಿಂಗಳು ನನ್ನ ಎರಡನೆಯ ಹಾಳೆಯೇ ಉದ್ದವಿರುತ್ತಿತ್ತು. ಅವರು ಬೈಯಲಿಲ್ಲ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, “ಇದು ಯಾರು ಹೇಳಿದ್ದು?” ಎಂದಷ್ಟೇ ಕೇಳುತ್ತಿದ್ದರು. ಮನೆಗೆ ಹೋಗಿ, ದಾರಿಯಲ್ಲಿ ರೈಲಿನಲ್ಲಿ ಕೇಳಿದ ಮಾತುಗಳನ್ನೂ ನಾನು ಹಾಗೆಯೇ ವಿಂಗಡಿಸತೊಡಗಿದೆ.

ಆಗ ನನ್ನ ಪತಿ ಅಜಯ್ ಕೆಲಸದ ಮೇಲೆ ಮೆಲ್ಬರ್ನ್‌ನಲ್ಲಿದ್ದರು. ಪೆಂಡಲ್ ಹಿಲ್‌ನ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಅಂಗಡಿಗೆ ಹೋದರೆ ಹಿಂದಿ, ಚಿಕಿತ್ಸಾಲಯದಲ್ಲಿ ಇಂಗ್ಲಿಷ್. ಏಪ್ರಿಲ್‌ನ ಎರಡನೆಯ ಭಾನುವಾರ ಪಕ್ಕದ ಟೂಂಗಾಬಿಯಲ್ಲಿ ಸಂಘದ ಯುಗಾದಿ ಊಟವಿತ್ತು. ಉಂಡು ಬಂದುಬಿಡೋಣವೆಂದು, ಕೊಟ್ಟ ಮಾತು ಮುರಿದು ಹೋದೆ. ಸಾಲಿನಲ್ಲಿ ನನಗಿಂತ ಇಬ್ಬರ ಮುಂದೆ ನಮ್ಮ ರೋಗಿಯೊಬ್ಬರು ನಿಂತಿದ್ದರು. ಅವರ ಕುರಿತು ಇಲ್ಲಿ ಹೇಳುವ ಇಷ್ಟಕ್ಕೆ ಮಾತ್ರ ಚಂದ್ರಪ್ರಭಾ ಅವರ ಮೂಲಕ ಅವರ ಒಪ್ಪಿಗೆ ಪಡೆದಿದ್ದೇನೆ. ಆಕೆ ತಿರುಗಿ ನೋಡಿದರು, ನಾನು ಕೈಮುಗಿದೆ. ಪಕ್ಕದಲ್ಲಿದ್ದವರು ನಮ್ಮಿಬ್ಬರನ್ನೂ ನೋಡಿದರು. ಆಕೆ ಖಾಲಿ ತಟ್ಟೆಯನ್ನು ಹಿಂದಕ್ಕಿಟ್ಟು ಹೊರಗೆ ನಡೆದರು.

ಮಂಗಳವಾರ ತಮ್ಮ ಸರದಿಗೆ ಆಕೆ ಬರಲಿಲ್ಲ. ನಡೆದದ್ದನ್ನು ನಾನೇ ಚಂದ್ರಪ್ರಭಾ ಅವರಿಗೆ ಹೇಳಿದೆ.

“ನೀ ಯಾಕ ಕೈ ಮುಗದಿ?”

“ಸುಮ್ನೆ ಇದ್ರೆ ಜಂಬ ಅನ್ಕೋತಾರೇನೋ ಅನ್ನಿಸ್ತು ಅಕ್ಕ.”

“ನೀ ಹೆಂಗ ಗುರ್ತು ಅಂತ ಬಾಜೂದವರು ಅಕೀನ್ನ ಕೇಳ್ತಾರ. ಆಗ ಅಕಿ ಏನ್ ಹೇಳಬೇಕು?”

ಚಂದ್ರಪ್ರಭಾ ಅವರು ಆಕೆಗೆ ಎರಡು ಬಾರಿ ಫೋನ್ ಮಾಡಿ, ನಾನು ಕೋಣೆಯಲ್ಲಿ ಇರುವುದಿಲ್ಲವೆಂದು ಭರವಸೆ ಕೊಟ್ಟರು. ಮೇ ಏಳರಂದು ಆಕೆ ಮರಳಿ ಬಂದರು. ಅಂದಿನಿಂದ ಕನ್ನಡ ಮಾತಾಡುವ ಯಾರು ಬಂದರೂ ನಾನು ಎದ್ದು ಹೊರಗೆ ಕೂರಬೇಕಾಯಿತು. ಹಾಗೆ ಹದಿನೆಂಟು ಗಂಟೆ ಕಡಿಮೆ ಬಿತ್ತು. ಸಹಿ ಸಿಗುವುದಿಲ್ಲವೆಂದೇ ತಿಳಿದು ಅಜಯ್‌ಗೂ ಹಾಗೇ ಹೇಳಿದ್ದೆ. ಜೂನ್‌ನ ಕೆಲಸದ ಪಟ್ಟಿ ಗೋಡೆಗೆ ಬಂದಾಗ, ಚಂದ್ರಪ್ರಭಾ ಅವರು ಮೊದಲೇ ಬರೆದಿಟ್ಟಿದ್ದ ತಮ್ಮ ರಜೆಯಲ್ಲಿ ಮೂರು ದಿನ ಹೊಡೆದುಹಾಕಿ, ಆ ಜಾಗದಲ್ಲಿ ನನ್ನ ಹೆಸರು ಸೇರಿಸಿದ್ದು ಕಂಡಿತು. ಇಪ್ಪತ್ತೇಳರಂದು ಸಹಿಯಾಯಿತು. ಅವರು ಬರೆದ ಮೌಲ್ಯಮಾಪನದಲ್ಲಿ ನನ್ನ ತಪ್ಪು ದಿನಾಂಕ ಸಮೇತ ಇದೆ. ಅದರ ಕೆಳಗೆ, ‘ತಾನಾಗಿ ಬಂದು ಹೇಳಿದಳು’ ಎಂದಿದೆ.

ಆ ನಿಯಮಕ್ಕೆ ಅವರೇ ಎಷ್ಟು ತೆತ್ತಿದ್ದರೆಂಬುದು ನನಗೆ ನಿಧಾನವಾಗಿ ತಿಳಿಯಿತು. ೨೦೦೯ಕ್ಕೆ ಮೊದಲು ಹಬ್ಬದ ಅಡುಗೆಯ ಉಸ್ತುವಾರಿ ಅವರದೇ ಆಗಿತ್ತಂತೆ. ಹೊಸ ಕೆಲಸಕ್ಕೆ ಸೇರಿದ ವಾರವೇ ಬಿಟ್ಟರು, ಕಾರಣ ಹೇಳಲಿಲ್ಲ. ದೊಡ್ಡ ಹುದ್ದೆ ಬಂತು, ಇನ್ನು ನಾವೆಲ್ಲಿ ನೆನಪಾಗುತ್ತೇವೆ ಎಂದು ಜನ ಆಡಿಕೊಂಡರು. ೨೦೧೬ರಲ್ಲಿ ಅವರ ಪತಿ ವಿರುಪಾಕ್ಷ ಅವರು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದ ಕನ್ನಡಿಗರು ಇಬ್ಬರು. ಇಬ್ಬರೂ ಅವರ ವಿದ್ಯಾರ್ಥಿಗಳು. ಬರಬೇಕೆನಿಸಿದ ರೋಗಿಗಳೂ ಇದ್ದಿರಬೇಕು. ಬಂದಿದ್ದರೆ, ಪರಿಚಯ ಹೇಗೆಂದು ಅವರು ಹೇಳಬೇಕಾಗುತ್ತಿತ್ತು.

೨೦೨೦ರಲ್ಲಿ ನಾನು ಮೆಲ್ಬರ್ನ್‌ಗೆ ಬಂದೆ. ಕ್ಲೈಡ್ ನಾರ್ತ್‌ನಲ್ಲಿ ಮನೆ, ಹತ್ತಿರದಲ್ಲೇ ಕೆಲಸ. ಈ ವರ್ಷ ನಿಹಾರಿಕಾ ಎಂಬ ವಿದ್ಯಾರ್ಥಿನಿಗೆ ನಾನೂ ಪ್ರಿಸೆಪ್ಟರ್ ಆಗಿದ್ದೇನೆ. ಆಕೆ ನನಗಿಂತ ಹೆಚ್ಚು ಇಮೇಲ್ ಬರೆದು ಸೋತಿದ್ದಳು. ಚಂದ್ರಪ್ರಭಾ ಅವರು ಬರುವ ತಿಂಗಳು ನಮ್ಮ ಮನೆಗೆ ಹತ್ತು ನಿಮಿಷದ ದೂರದಲ್ಲಿರುವ ತಂಗಿಯ ಮನೆಗೆ ಬಂದು ನೆಲೆಸುತ್ತಾರೆ. ಅವರ ರೋಗಿಗಳು ಯಾರೂ ಇಲ್ಲದ ಊರಿದು, ಇಲ್ಲಿ ಇರುವವರು ನನ್ನ ರೋಗಿಗಳು. ನಮ್ಮಂಥ ಹೊಸ ಪ್ರಿಸೆಪ್ಟರ್‌ಗಳಿಗೆ ವಾರಕ್ಕೊಂದು ದಿನ ಫೋನಿನಲ್ಲಿ ಸಿಗಲು ಒಪ್ಪಿದ್ದಾರೆ. ಮೊನ್ನೆ ಮಾತಾಡುವಾಗ ಕೇಳಿದರು:

“ಅಲ್ಲಿ ರಾಜ್ಯೋತ್ಸವದ ಊಟ ಚೊಲೊ ಇರ್ತದೇನು?”

“ಗೊತ್ತಿಲ್ಲ ಅಕ್ಕ. ನಾನು ಇಲ್ಲಿಗೆ ಬಂದಾಗಿಂದ ಹೋಗಿಲ್ಲ.”



“ಹಂಗಾರ ನಾ ಒಬ್ಬಾಕೀನ ಹೋಗಬೇಕಾತು” ಎಂದರು.

ಅವರ ಆಯುಷ್ಯ ಹೆಚ್ಚಲಿ, ಕಲಿಸುವ ಕೆಲಸ ಮುಂದುವರಿಯಲಿ. ನವೆಂಬರ್‌ನಲ್ಲಿ ಅವರನ್ನು ಸಭಾಂಗಣದ ಬಾಗಿಲವರೆಗೆ ಬಿಟ್ಟು, ಅವರ ಊಟ ಮುಗಿಯುವ ತನಕ ಹಿಂದಿನ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ಕಾಯುವುದೆಂದು ನಿರ್ಧರಿಸಿದ್ದೇನೆ. ಅವರು ಎರಡನೆಯ ಸಲ ಬಡಿಸಿಕೊಂಡು, ಪಕ್ಕದವರೊಡನೆ ಮಾತಿಗೆ ಕೂತು, ತಡಮಾಡಿಯೇ ಬರಲಿ ಎಂದು ಹಾರೈಸುತ್ತೇನೆ.