ಕಲ್ಲಿನ ಪುಡಿಗೆ ಬೆಲ್ಲದ ಮದ್ದು

ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಪೀಣ್ಯದಲ್ಲಿ ಬೆಣಚುಕಲ್ಲು ಅರೆಯುವ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಸೂಪರ್‌ವೈಸರ್ ಸಂಜೆಯಾಗುತ್ತಲೇ ತಮ್ಮ ಗಾಜಿನ ಕೋಣೆಯಿಂದ ಹೊರಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಹಿಟ್ಟಿನ ಗಿರಣಿಯವರಂತೆ ಬೆಳ್ಳಗಾಗಿ ನಿಂತ ಕೆಲಸಗಾರರಿಗೆ ಒಂದೊಂದು ತುಂಡು ಬೆಲ್ಲ ಹಂಚುತ್ತಿದ್ದರು. ಥೇಟ್ ಪ್ರಸಾದ ಕೊಡುವ ಗತ್ತು.

"ತಿನ್ರೋ, ಧೂಳೆಲ್ಲ ಕರಗಿ ಕೆಳಗಿಳಿಯುತ್ತೆ. ನಿಮ್ದು ಕಲ್ಲು ತಿಂದು ಕರಗಿಸೋ ವಯಸ್ಸು!"

ಒಮ್ಮೆ ಪಾತ್ರೆ ಉಜ್ಜುವ ಪುಡಿ ತಯಾರಿಸುವವರು ಮಾಲು ನೋಡಲು ಬಂದರು. ಸೂಪರ್‌ವೈಸರ್ ಬೆಣಚುಕಲ್ಲಿನ ಚೂರೊಂದನ್ನು ತಮ್ಮ ಕೋಣೆಯ ಗಾಜಿನ ಮೇಲೆಯೇ ಎಳೆದರು. ಕಿರ್ರೆಂದು ಗೀರು ಬಿತ್ತು.

"ನೋಡಿ ಸಾರ್, ಗಾಜನ್ನೇ ಕೊರೆಯುತ್ತೆ. ಎಷ್ಟು ನುಣ್ಣಗೆ ಅರೆದ್ರೂ ಇದರ ಹಲ್ಲು ಮೊಂಡಾಗಲ್ಲ. ನೀರಿಗೆ ಹಾಕಿ, ಆಸಿಡ್‌ಗೆ ಹಾಕಿ, ಕರಗೋ ಮಾತೇ ಇಲ್ಲ!"

ಪಕ್ಕದಲ್ಲಿ ಮೂಟೆ ಹೊಲಿಯುತ್ತಿದ್ದ ರಾಜಗೋಪಾಲನಗರದ ಕೆಲಸಗಾರನೊಬ್ಬ ಕೆಮ್ಮುತ್ತಲೇ ಕೇಳಿದ: "ಆಸಿಡ್‌ಗೇ ಕರಗದೇ ಇರೋದು ಬೆಲ್ಲಕ್ಕೆ ಹೆಂಗೆ ಕರಗುತ್ತೆ ಸಾರ್? ನೀವ್ಯಾಕೆ ಒಂದಿನಾನೂ ತಿನ್ನಲ್ಲ?"

ಸೂಪರ್‌ವೈಸರ್ ತಡವರಿಸಲಿಲ್ಲ.

"ನಂಗೆ ಸಕ್ಕರೆ ಕಾಯಿಲೆ ಕಣೋ, ಬೆಲ್ಲ ಮುಟ್ಟೋ ಹಾಗಿಲ್ಲ. ಅದಕ್ಕೇ ತಾನೇ ದಿನವಿಡೀ ಗಾಜಿನ ಕೋಣೇಲಿ ಕೂತಿರೋದು?"