ಅರ್ಧ ಸುತ್ತು

ಭಾನುವಾರ ಬಾಂಡುಂಗಿನ ನಮ್ಮ ರಿಮೋಟ್ ಕಾರುಗಳ ಮೈದಾನಕ್ಕೆ ಯಾರೇ ಬರಲಿ, ಮೊದಲು ನಾವೆಲ್ಲ ಗೌರವದಿಂದ 'ಪಾಕ್' ಎಂದು ಕರೆಯುವ ಪಾಕ್ ಕೊಸಾಸಿಯವರ ಕೈಗೆ ಸಿಕ್ಕಿಬೀಳಬೇಕು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಈ ಮಹಾನುಭಾವರು ಮೊಳದುದ್ದದ ಕಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಸ್ಪ್ರಿಂಗುಗಳನ್ನು ಒತ್ತಿ ನೋಡಿ, "ತಿರುವಲ್ಲಿ ಹಿಂದಿನ ಚಕ್ರ ಜಾರುತ್ತೆ, ಅಲ್ವಾ?" ಎನ್ನುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ. ಎಲ್ಲ ಕಾಯಿಲೆಗೂ ಅವರಲ್ಲಿ ಒಂದೇ ಮದ್ದು: "ಅರ್ಧ ಸುತ್ತು!" ಬಿಗಿಯಾಗಿದ್ದರೆ ಅರ್ಧ ಸುತ್ತು ಸಡಿಲ, ಸಡಿಲವಾಗಿದ್ದರೆ ಅರ್ಧ ಸುತ್ತು ಬಿಗಿ. ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಬಾಂಬು ಬಿಚ್ಚುವವರ ಗಾಂಭೀರ್ಯದಲ್ಲಿ ಅದನ್ನು ತಿರುಗಿಸುತ್ತಾರೆ. ಹೆಂಡತಿ ಬು ಎನೊಕ್ ಕರಿದ ತೋಫು ತಂದರೆ, "ಉಪ್ಪು ಅರ್ಧ ಸುತ್ತು ಜಾಸ್ತಿ ಆಯ್ತು ಕಣೇ" ಎಂಬ ತೀರ್ಪು. "ನಿಮ್ಮ ನಾಲಿಗೇನ ಅರ್ಧ ಸುತ್ತು ಬಿಗಿ ಮಾಡ್ಕೊಳ್ಳಿ" ಎಂದು ಆಕೆಯೂ ಬಿಡುವುದಿಲ್ಲ. ಆದರೆ ಅವರ ಸ್ವಂತ ಕಾರಿನ ಸ್ಟಿಯರಿಂಗ್ ಮಾತ್ರ ಮಹಾ ಮಂದ. ಪ್ರತಿ ಸಲ ರೇಸು ಗೆಲ್ಲುವ ಇಮಾಸ್ ರೇಗಿಸುತ್ತಾಳೆ: "ಪಾಕ್, ನಮ್ಮ ಕಾರನ್ನೆಲ್ಲ ಚಿರತೆ ಮಾಡಿದ್ರಿ, ನಿಮ್ಮದೊಂದು ಯಾಕೆ ಎಮ್ಮೆ? ತಿರುಗು ಅಂದ್ರೆ ಕೂತು ಯೋಚನೆ ಮಾಡುತ್ತಲ್ಲ!" "ಬಸ್ಸಿನ ಅಭ್ಯಾಸ ಕಣಮ್ಮ," ಎಂದು ಅವರು ನಗುತ್ತಾರೆ. ನಾನೂ ನಗುತ್ತಿದ್ದೆ, ಕಳೆದ ಭಾನುವಾರ ಅವರ ಪಕ್ಕದಲ್ಲೇ ನಿಂತು ನೋಡುವವರೆಗೆ. ರಿಮೋಟಿನ ಮೇಲೆ ಅವರ ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದವು. ಮೈದಾನದಲ್ಲಿ ಕಾರು ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು. ಆ ನಡುಕ ಚಕ್ರಗಳಿಗೆ ತಲುಪದಷ್ಟು ಸ್ಟಿಯರಿಂಗನ್ನು ಅವರು ಮಂದ ಮಾಡಿಟ್ಟಿದ್ದರು. "ಕೈ ಏನಾಯ್ತು ಪಾಕ್?" ಎಂದು ಮೆಲ್ಲಗೆ ಕೇಳಿದೆ. ಕಾರಿನ ಮೇಲಿಂದ ಕಣ್ಣು ತೆಗೆಯದೆ ಹೇಳಿದರು: "ಏನಿಲ್ಲಪ್ಪ, ಅರ್ಧ ಸುತ್ತು ಸಡಿಲ ಆಗಿದೆ, ಅಷ್ಟೆ."